ಕೈ ತಡೆದು ಹೊಡೆದ ಪೆಟ್ಟು

ರಾತ್ರಿ ಹನ್ನೊಂದು ದಾಟಿದ ಮೇಲೆ ಹಾರನಹಳ್ಳಿಯ ಹೊಲಗಳಲ್ಲಿ ಎಚ್ಚರವಾಗಿರುವುದು ಬ್ಯಾರನ್ನುಗಳು. ಭಾದ್ರಪದದ ಸೋನೆ ಬಿಟ್ಟೂ ಬಿಡದ ಹಾಗೆ ಹಿಡಿದಿದೆ. ಬದುವಿನ ಮೇಲೆ ಕಾಲಿಟ್ಟರೆ ಕೆಸರು ಚಪ್ಪಲಿಯನ್ನು ಹಿಡಿದುಕೊಳ್ಳುತ್ತದೆ, ಕಪ್ಪೆಗಳ ವಟಗುಟ್ಟುವಿಕೆ ಈ ಹೊಂಡದಲ್ಲಿ ನಿಂತು ಆ ಹೊಂಡದಲ್ಲಿ ಶುರುವಾಗುತ್ತದೆ. ಕತ್ತಲಲ್ಲಿ ಅಲ್ಲಲ್ಲಿ ಕೆಂಪಗೆ ಒಂದೊಂದು ಚೌಕ ಕಾಣುತ್ತದೆ, ಅದು ಒಲೆಬಾಯಿ. ಅದರ ಹಿಂದೆ ಮನೆಗಿಂತ ಎತ್ತರಕ್ಕೆ ನಿಂತ ಇಟ್ಟಿಗೆಯ ಕಟ್ಟಡವೇ ಬ್ಯಾರನ್. ಹತ್ತಿರ ಹೋದಂತೆ ಮೂಗಿಗೆ ಮೊದಲು ನೀಲಗಿರಿ ಸೌದೆಯ ಘಾಟು, ಅದನ್ನು ದಾಟಿದ ಮೇಲೆ ಒಂದು ಸಿಹಿ ವಾಸನೆ. ಹುಲ್ಲು ಒಣಗುವಾಗ ಬರುತ್ತದಲ್ಲ, ಅದಕ್ಕೆ ಆಲೆಮನೆಯ ಕೊಪ್ಪರಿಗೆಯ ಆವಿ ಬೆರೆತ ಹಾಗೆ. ಹೊಗೆಸೊಪ್ಪು ಬೇಯುವ ವಾಸನೆ ಅದು. ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಹುಟ್ಟಿದವರಿಗೆ ಈ ವಾಸನೆ ಬಂದರೆ ಗಣಪತಿ ಹಬ್ಬ ಹತ್ತಿರ ಬಂತೆಂದು ಲೆಕ್ಕ.

ಅಕ್ಕನ ಮಗ ಒಲೆಬಾಯಿಯ ಮುಂದೆ ಗೋಣಿಚೀಲ ಹಾಸಿಕೊಂಡು ಕೂತಿದ್ದ. ನಾನು ಬಂದದ್ದು ಅವನಿಗೆ ಕೇಳಿಸಲಿಲ್ಲ. ಕಿವಿಯ ಮೇಲೆ ಕಪ್ಪು ಹೆಡ್‌ಫೋನು, ಕಣ್ಣು ಬೆಂಕಿಯ ಮೇಲೆ. ಬಲಗಾಲಿನ ಹಿಮ್ಮಡಿ ಮಾತ್ರ ನೆಲಕ್ಕೆ ಒಂದೇ ಸಮ ಬಡಿಯುತ್ತಿತ್ತು. ಆ ಬಡಿತದಲ್ಲಿ ಏನೋ ವಿಚಿತ್ರವಿತ್ತು. ನಾಲ್ಕು ಬಡಿದು ಒಂದು ಗಳಿಗೆ ನಿಲ್ಲುವುದು, ಮತ್ತೆ ಬಡಿಯುವುದು. ಎದ್ದು ಸೌದೆ ನೂಕಿದ, ಗೋಡೆಯ ಗಾಜಿನ ಕಿಂಡಿಗೆ ಟಾರ್ಚು ಹಿಡಿದು ಒಳಗೆ ತೂಗುಬಿಟ್ಟ ಉಷ್ಣಮಾಪಕ ನೋಡಿದ, ಮತ್ತೆ ಬಂದು ಕೂತ. ಹಿಮ್ಮಡಿ ತಾನು ಬಿಟ್ಟಲ್ಲಿಂದಲೇ ಮುಂದುವರಿಯಿತು.

ಆ ಕಿಂಡಿಯಲ್ಲಿ ಒಮ್ಮೆ ಇಣುಕಬೇಕು. ಕೆಳಗಿನಿಂದ ಸೂರಿನವರೆಗೆ ಅಂತಸ್ತು ಅಂತಸ್ತಾಗಿ ಕಡ್ಡಿಗಳು, ಕಡ್ಡಿಯ ಎರಡೂ ಬದಿಗೆ ದಾರದಲ್ಲಿ ಕಟ್ಟಿದ ಎಲೆಗಳು ತಲೆಕೆಳಗಾಗಿ ನೇತಾಡುತ್ತಿರುತ್ತವೆ. ನೆಲದ ಉದ್ದಕ್ಕೂ ಹಾಯ್ದ ತಗಡಿನ ಕೊಳವೆಗಳಲ್ಲಿ ಒಲೆಯ ಬಿಸಿ ಹರಿಯುತ್ತದೆ. ಹೊಗೆ ಎಲೆಯನ್ನು ಮುಟ್ಟಕೂಡದು, ಬಿಸಿ ಮಾತ್ರ ಮುಟ್ಟಬೇಕು. ಮೊದಲ ಒಂದೂವರೆ ದಿನ ನೂರು ಡಿಗ್ರಿ ಫ್ಯಾರನ್‌ಹೀಟಿನ ಒಳಗೇ ಇಟ್ಟು ಎಲೆಗೆ ಹಳದಿ ಬರಿಸಬೇಕು. ಆಮೇಲೆ ನಿಧಾನವಾಗಿ ಏರಿಸಿ ಬಣ್ಣ ನಿಲ್ಲಿಸಬೇಕು. ಕಡೆಗೆ 160ರ ಹತ್ತಿರ ತಂದು ಎಲೆಯ ನಡುವಿನ ದಂಟು ಒಣಗಿಸಬೇಕು. ಒಟ್ಟು ಐದಾರು ದಿನ. ಆತುರಪಟ್ಟು ಬೆಂಕಿ ಏರಿಸಿದರೆ ಎಲೆ ಹಸಿರಾಗಿಯೇ ಸೀಯುತ್ತದೆ, ನಿದ್ದೆ ಬಂದು ಬೆಂಕಿ ಇಳಿದರೆ ಕಂದಿ ಕಪ್ಪಾಗುತ್ತದೆ. ಕಡ್ಡಿಯೊಂದು ಜಾರಿ ಕಾದ ಕೊಳವೆಯ ಮೇಲೆ ಬಿದ್ದರಂತೂ ಇಡೀ ವರ್ಷದ ದುಡಿಮೆ ಅರ್ಧ ಗಂಟೆಯಲ್ಲಿ ಬೂದಿ. ಅದಕ್ಕೇ ಈ ಕಾವಲು, ಅದಕ್ಕೇ ಈ ಹೆಡ್‌ಫೋನು.

‘ಏನ್ಲಾ ಅದು, ಅಷ್ಟು ಹೊತ್ತಿಂದ ಕೇಳ್ತಿದ್ದೀಯ?’ ಎಂದೆ.

‘ಜರ್ಮನ್ ಹಾಡು ಮಾವ. ನಿಮಗೆ ಹಿಡಿಸಕ್ಕಿಲ್ಲ.’

‘ಹಾಕು, ನೋಡಾಣ.’

ಅವನು ಹೆಡ್‌ಫೋನಿನ ವೈರು ಕಿತ್ತು, ಫೋನನ್ನು ಖಾಲಿ ಕೊಳದಪ್ಪಲೆಯೊಳಗೆ ನಿಲ್ಲಿಸಿದ. ತಪ್ಪಲೆಯ ಬಾಯಿಂದ ಸದ್ದು ದುಂಡಗಾಗಿ ಹೊರಬಂತು.

ಶುರುವಿಗೆ ಯಂತ್ರದ್ದೇ ಆದ ಒಂದು ಸಣ್ಣ ಸುತ್ತು. ಎಲ್ಲೋ ದೂರದ ಶೆಡ್ಡಿನಲ್ಲಿ ಬೆಲ್ಟು ತಿರುಗುತ್ತಿರುವ ಹಾಗೆ, ಹೆಚ್ಚು ಜೋರಿಲ್ಲ, ಎಲ್ಲೂ ಏರಿಳಿಯುವುದಿಲ್ಲ, ತಿರುಗಿದ್ದೇ ತಿರುಗುತ್ತದೆ. ಅದು ಕಿವಿಗೆ ಒಗ್ಗುವ ಹೊತ್ತಿಗೆ ಗಿಟಾರುಗಳೂ ಡ್ರಮ್ಮೂ ಒಟ್ಟಿಗೇ ಬೀಳುತ್ತವೆ. ಬೀಳುತ್ತವೆ ಎಂದೇ ಹೇಳಬೇಕು, ಬೇರೆ ಮಾತು ಒಪ್ಪುವುದಿಲ್ಲ. ತೂಕದ ಕಬ್ಬಿಣ ಮೇಲಿಂದ ಬಂದು ಕೂತ ಹಾಗೆ ಒಂದು ಪೆಟ್ಟು, ತಕ್ಷಣ ಮೌನ, ಮತ್ತೊಂದು ಪೆಟ್ಟು. ಆಮೇಲೆ ಒಬ್ಬ ಗಂಡಸಿನ ದನಿ. ಕಿರುಚಾಟ ಬರುತ್ತದೆಂದು ಕಾದಿದ್ದ ನನಗೆ ಅದೇ ಅಚ್ಚರಿ. ದನಿ ಆಳವಾಗಿತ್ತು, ಅವಸರವಿರಲಿಲ್ಲ. ‘ರ’ ಅಕ್ಷರ ಬಂದಲ್ಲೆಲ್ಲ ಹಳೆಯ ನಾಟಕದ ಕಂಪನಿಯ ರಾಜಪಾರ್ಟಿನವರಂತೆ ನಾಲಗೆ ಅದನ್ನು ಉರುಳಿಸಿಬಿಡುತ್ತಿತ್ತು. ಒಂದು ಮಾತು ಹೇಳಿ ನಿಲ್ಲಿಸುತ್ತಾನೆ. ಅದೇ ಮಾತನ್ನು ಮತ್ತೆ ಹೇಳಿ, ಜೊತೆಗೆ ಇನ್ನೊಂದನ್ನು ಸೇರಿಸುತ್ತಾನೆ. ಸೌದೆಯ ಮೇಲೆ ಸೌದೆ ಇಟ್ಟ ಹಾಗೆ ವಾಕ್ಯ ಬೆಳೆಯುತ್ತದೆ.

ಹಾಡು ಮುಗಿದದ್ದು ನಾಲ್ಕು ನಿಮಿಷವೂ ಆಗುವ ಮೊದಲೇ. ಕಪ್ಪೆಗಳು ಸುಮ್ಮನಾಗಿದ್ದವು, ಅಥವಾ ನನಗೆ ಹಾಗನ್ನಿಸಿತು.

‘ಇನ್ನೊಂದ್ಸಲ ಹಾಕು ತಮ್ಮಾ’ ಎಂಬ ದನಿ ಸೌದೆಯ ರಾಶಿಯ ಕಡೆಯಿಂದ ಬಂತು. ಕಡ್ಡಿ ಏರಿಸಲು ಬಂದಿದ್ದ ಅಣ್ಣ, ಅಕ್ಕನ ಹೊಲದಲ್ಲಿ ಇಪ್ಪತ್ತು ವರ್ಷದಿಂದ ಸೊಪ್ಪು ಮುರಿಯುವ ಗುಂಪಿನ ಹಿರಿಯ, ಕಂಬಳಿ ಹೊದ್ದು ಅಲ್ಲೇ ಒರಗಿದ್ದ. ಮಲಗಿದ್ದಾನೆಂದುಕೊಂಡಿದ್ದೆವು. ಮಾರಿಹಬ್ಬದಲ್ಲಿ ತಮಟೆ ಹಿಡಿದನೆಂದರೆ ಸುತ್ತ ಹತ್ತು ಊರು ಕಿವಿಗೊಡುವ ಕೈ ಅವನದು. ಎದ್ದು ಬಂದು ಒಲೆಯ ತಗಡಿನ ಬಾಗಿಲ ಪಕ್ಕ ಕುಕ್ಕರಗಾಲಲ್ಲಿ ಕೂತ. ಎರಡು ಸೀಳು ಕಡ್ಡಿ ಆರಿಸಿಕೊಂಡ, ಬಲಗೈಗೆ ದಪ್ಪನೆಯ ಗಿಡ್ಡ ಕೋಲು, ಎಡಗೈಗೆ ತೆಳ್ಳನೆಯ ಉದ್ದನೆಯ ಸೀಳು. ತಮಟೆಗೆ ಹಿಡಿಯುವುದೇ ಹಾಗೆ. ಎರಡನೆಯ ಸಲ ಹಾಡು ಬಂದಾಗ ಅವನು ನುಡಿಸಲಿಲ್ಲ, ತಲೆ ಬಗ್ಗಿಸಿ ಕೇಳಿದ. ಮೂರನೆಯ ಸಲ ತಗಡಿನ ಮೇಲೆ ಕೋಲು ಬಿತ್ತು. ದಪ್ಪ ಕೋಲಿನ ಪೆಟ್ಟು ಬಿದ್ದ ಮರುಕ್ಷಣವೇ ಎಡಗೈಯ ಸೀಳು ತಗಡಿಗೆ ಒತ್ತಿಕೊಂಡು ಸದ್ದನ್ನು ಹಿಡಿದುಬಿಡುತ್ತಿತ್ತು. ಫೋನಿನೊಳಗಿನ ಗಿಟಾರು ಎಲ್ಲಿ ನಿಲ್ಲುತ್ತಿತ್ತೋ ತಗಡೂ ಅಲ್ಲೇ ನಿಂತಿತು.

‘ಒಳ್ಳೆ ಕೈ ಕಣಪ್ಪ ಅವನ್ದು. ಹೊಡೆಯೋದಲ್ಲ ಅವನು ಮಾಡ್ತಿರೋದು. ಕೈ ತಡೀತಾನೆ’ ಎಂದ.

ಇಷ್ಟು ವರ್ಷದಲ್ಲಿ ಈ ಬಗೆಯ ಸಂಗೀತದ ಬಗ್ಗೆ ನಾನು ಓದಿದ್ದೆಲ್ಲ ಆ ಎರಡು ಮಾತಿನ ಮುಂದೆ ಸಪ್ಪೆಯಾಯಿತು. ಮೆಟಲ್ ಗಿಟಾರಿನ ಗುಟ್ಟು ಇರುವುದೇ ಅಲ್ಲಿ. ತಂತಿ ಮೀಟುವ ಬಲಗೈಯ ಅಂಗೈಯಂಚನ್ನು ತಂತಿಗಳು ಶುರುವಾಗುವ ಪಟ್ಟಿಯ ಮೇಲೆ ಹಗುರವಾಗಿ ಊರಿರುತ್ತಾರೆ. ಮೀಟಿದ ಸ್ವರ ಹಬ್ಬಲು ಹೊರಟರೆ ಅಂಗೈ ಅದನ್ನು ಅಲ್ಲೇ ನುಂಗುತ್ತದೆ. ಉಳಿಯುವುದು ‘ಢಗ್’ ಎಂಬ ಗುದ್ದು. ಸದ್ದು ಜೋರಾಗಿರುವುದರಿಂದಲೇ ಎದೆ ನಡುಗುತ್ತದೆಂದು ಕೇಳುವವರು ತಿಳಿಯುತ್ತಾರೆ. ನಡುಗಿಸುವುದು ಎರಡು ಸದ್ದಿನ ನಡುವೆ ಬಿಟ್ಟ ಜಾಗ. ನಮ್ಮ ತಮಟೆಯವರಿಗೆ ಇದು ಹೊಸದಲ್ಲ. ದೇವರ ಮುಂದೆ ಕುಣಿತ ಕಾವೇರುವುದು ಪೆಟ್ಟು ಹೆಚ್ಚಿದಾಗ ಅಲ್ಲ, ಎಲ್ಲರೂ ಒಟ್ಟಿಗೆ ಕೈ ಎತ್ತಿ ಒಂದು ಪೆಟ್ಟು ಬಿಟ್ಟಾಗ.

ಆ ಹಾಡಿನ ಹೆಸರು ‘ಡು ಹಾಸ್ಟ್’. ಹಾಡಿದ ತಂಡ ರಾಮ್‌ಸ್ಟೈನ್. 1997ರಲ್ಲಿ ಬಂದ ‘ಜೇನ್‌ಸೂಖ್ಟ್’ ಎಂಬ ಅವರ ಎರಡನೆಯ ಆಲ್ಬಮ್ಮಿನಲ್ಲಿದೆ. ಹಾಡುಗಾರ ಟಿಲ್ ಲಿಂಡೆಮನ್ ಹಿಂದೊಮ್ಮೆ ಪೂರ್ವ ಜರ್ಮನಿಯ ಹಳ್ಳಿಯೊಂದರಲ್ಲಿ ಬುಟ್ಟಿ ಹೆಣೆಯುತ್ತಿದ್ದ. ಇದನ್ನು ನನಗೆ ಹೇಳಿದವನು ಅಳಿಯನೇ. ಹೇಳುವಾಗ ಅವನ ಮುಖದಲ್ಲಿ ತಮ್ಮೂರಿನವರ ಸುದ್ದಿ ಹೇಳುವ ಹಿಗ್ಗಿತ್ತು. 1989ರ ನವೆಂಬರಿನಲ್ಲಿ ಬರ್ಲಿನ್ ಗೋಡೆ ಬಿತ್ತು. ಗೋಡೆಯ ಆಚೆ ಬೆಳೆದ ಹುಡುಗರು ಇದ್ದಕ್ಕಿದ್ದಂತೆ ಬೇರೊಂದು ದೇಶದಲ್ಲಿದ್ದರು. 1994ರಲ್ಲಿ ಬರ್ಲಿನ್ನಿನಲ್ಲಿ ಸೇರಿ ತಂಡ ಕಟ್ಟಿದ ಆರು ಜನ ಅಂಥವರು. ಜಗತ್ತಿನ ರಾಕ್ ಸಂಗೀತ ಬಹುಪಾಲು ಇಂಗ್ಲಿಷಿನಲ್ಲಿ ನಡೆಯುತ್ತಿದ್ದಾಗ ಅವರು ತಮ್ಮ ಭಾಷೆಯಲ್ಲೇ ಹಾಡುತ್ತೇವೆಂದು ಕೂತರು. ಅಂದಿನಿಂದ ಇಂದಿನವರೆಗೆ ಅದೇ ಆರು ಜನ. ಜರ್ಮನ್ ತಿಳಿಯದ ಅಮೆರಿಕದವರೂ ಈ ಹಾಡನ್ನು ಬಾಯಿಪಾಠ ಮಾಡಿದರು. 1999ರ ‘ದಿ ಮ್ಯಾಟ್ರಿಕ್ಸ್’ ಸಿನಿಮಾದ ಹಾಡುಗಳ ಆಲ್ಬಮ್ಮಿನಲ್ಲಿ ಅದು ಸೇರಿತು, ಅದೇ ವರ್ಷದ ಗ್ರ್ಯಾಮಿ ಪ್ರಶಸ್ತಿಯ ಪಟ್ಟಿಯಲ್ಲೂ ಇತ್ತು.

ಬೆಂಕಿ ಇಳಿದಿತ್ತು. ಅಳಿಯ ಎದ್ದು ಎರಡು ಬೊಡ್ಡೆ ನೂಕಿದ. ಕಿಡಿಗಳು ಒಲೆಯಿಂದಾಚೆ ಹಾರಿ ಒದ್ದೆ ನೆಲದ ಮೇಲೆ ಚುಯ್ ಎಂದು ಸತ್ತವು.

‘ಅವರೂ ಬೆಂಕಿಯೋರೇ ಮಾವ’ ಎಂದ. ರಾಮ್‌ಸ್ಟೈನ್ ವೇದಿಕೆಗೆ ಬಂದರೆ ಜ್ವಾಲೆಗಳೂ ಬರುತ್ತವೆ, ಹಿಂದಿನ ಸಾಲಿನಲ್ಲಿ ನಿಂತವರ ಮುಖಕ್ಕೂ ಝಳ ಹೊಡೆಯುವಷ್ಟು. 1996ರಲ್ಲಿ ಬರ್ಲಿನ್ನಿನ ಒಂದು ಕಾರ್ಯಕ್ರಮದಲ್ಲಿ ಉರಿಯುತ್ತಿದ್ದ ಅಲಂಕಾರ ಕಳಚಿ ಬಿದ್ದು ಅವಾಂತರವಾಯಿತು. ಆಮೇಲೆ ಲಿಂಡೆಮನ್ ಬೆಂಕಿ ಬಳಸುವ ವಿದ್ಯೆಯನ್ನು ಕ್ರಮವಾಗಿ ಕಲಿತು ಪರವಾನಗಿ ಪಡೆದ. ಅದನ್ನು ಕೇಳಿ ತಮಟೆಯ ಅಣ್ಣ ತಲೆದೂಗಿದ. ಅವನಿಗೂ ಬೆಂಕಿ ಬೇಕು. ಹಬ್ಬದ ದಿನ ಮಳೆಗೆ ಮೆತ್ತಗಾದ ತೊಗಲನ್ನು ಹುಲ್ಲಿನ ಉರಿಗೆ ಹಿಡಿದು ಕಾಯಿಸುತ್ತಾನೆ. ತಿರುಗಿಸುತ್ತ, ಬೆರಳಲ್ಲಿ ತಟ್ಟುತ್ತ, ಕಿವಿಗೆ ಹತ್ತಿರ ತಂದು ಕೇಳುತ್ತ. ಒಂದು ಗಳಿಗೆ ಮುಂಚೆ ತೆಗೆದರೆ ದನಿ ಏಳದು, ಒಂದು ಗಳಿಗೆ ತಡವಾದರೆ ತೊಗಲು ಬಿರಿಯುತ್ತದೆ. ಬ್ಯಾರನ್ನಿನ ಎಲೆಗೂ ಇದೇ ಲೆಕ್ಕ.

ಹಾಡಿನ ಅರ್ಥವೇನೆಂದು ಅಣ್ಣನೇ ಕೇಳಿದ. ಅಳಿಯ ಹೇಳಿದ ರೀತಿ ನನಗೆ ಇಷ್ಟವಾಯಿತು. ಜರ್ಮನ್‌ನಲ್ಲಿ ‘ಹಾಸ್ಟ್’ ಎಂಬ ಉಚ್ಚಾರಕ್ಕೆ ಎರಡು ಬರಹ ಇವೆ. ಒಂದು ‘ಸ’ಕಾರದಲ್ಲಿ ಬರೆದರೆ ಅದು ‘ನಿನ್ನ ಬಳಿ ಇದೆ’ ಎನ್ನುವ, ಮುಂದೆ ಬರುವ ಕ್ರಿಯೆಗೆ ಊರೆಯಾಗಿ ನಿಲ್ಲುವ ಪದ. ಎರಡು ‘ಸ’ಕಾರದಲ್ಲಿ ಬರೆದರೆ ‘ನೀನು ದ್ವೇಷಿಸುತ್ತೀಯ’. ಕಿವಿಗೆ ಎರಡೂ ಒಂದೇ. ಹಾಡುಗಾರ ಆ ಮಾತನ್ನು ಹೇಳಿ ನಿಲ್ಲಿಸಿದಾಗ ಕೇಳುವವರಿಗೆ ದ್ವೇಷವೇ ಕೇಳಿಸುತ್ತದೆ. ವಾಕ್ಯ ಬೆಳೆಯುತ್ತ ಹೋಗಿ ಕೊನೆಯ ಪದ ಬಿದ್ದಾಗ ಅದು ಒಬ್ಬರು ಇನ್ನೊಬ್ಬರನ್ನು ಪ್ರಶ್ನೆ ಕೇಳಿದ ಮಾತೆಂದು ಗೊತ್ತಾಗುತ್ತದೆ. ಆ ಪ್ರಶ್ನೆ ಮದುವೆಯಲ್ಲಿ ಪಾದ್ರಿ ಕೇಳುವಂಥದ್ದು, ಸಾವು ಅಗಲಿಸುವವರೆಗೆ ಜೊತೆಯಿರುವೆಯಾ ಎಂಬ ಬಗೆಯದು. ಅದಕ್ಕೆ ಹಾಡಿನವನ ಉತ್ತರ ಒಲ್ಲೆ.

ಜರ್ಮನ್‌ನ ಇಂಥ ವಾಕ್ಯಗಳಲ್ಲಿ ಕ್ರಿಯಾಪದ ತುದಿಗೆ ಬರುತ್ತದೆ. ಇದನ್ನು ಕೇಳಿ ನನ್ನ ಮನಸ್ಸು ನಮ್ಮ ಮಾತಿನ ಕಡೆಗೇ ಓಡಿತು. ‘ಅವನು ನನ್ನನ್ನು ಆವತ್ತು ಎಲ್ಲರ ಮುಂದೆ’ ಎಂದು ಯಾರಾದರೂ ಜಗಲಿಯ ಮೇಲೆ ಕೂತು ಶುರುಮಾಡಿ ಎಲೆಗೆ ಸುಣ್ಣ ಹಚ್ಚತೊಡಗಿದರೆ, ಹೊಗಳಿದನೋ ಹೊಡೆದನೋ ಗೊತ್ತಾಗುವುದಕ್ಕೆ ಆ ಎಲೆ ಬಾಯಿ ಸೇರುವವರೆಗೆ ಕಾಯಬೇಕು. ಹೌದೋ ಅಲ್ಲವೋ ಎಂಬುದು ಕೂಡ ನಮ್ಮಲ್ಲಿ ಕ್ರಿಯೆಯ ಬಾಲಕ್ಕೆ ಅಂಟಿಕೊಂಡು ಬರುತ್ತದೆ, ಬರುವು-ದಿಲ್ಲ, ಮಾಡುವು-ದಿಲ್ಲ. ಕೊನೆಯ ಪದಕ್ಕೆ ಉಸಿರು ಹಿಡಿದು ಕಾಯುವುದು ಕನ್ನಡದ ಕಿವಿಗೆ ತೊಟ್ಟಿಲಿಂದಲೇ ಬಂದ ಅಭ್ಯಾಸ. ಅಳಿಯನಿಗೆ ಒಂದಕ್ಷರ ಜರ್ಮನ್ ಬಾರದಿದ್ದಾಗಲೂ ಈ ಹಾಡು ಹಿಡಿಸಿದ್ದಕ್ಕೆ ಇದೂ ಒಂದು ಕಾರಣವಿರಬಹುದೆಂದು ನಾನು ನಂಬುತ್ತೇನೆ.

ಇನ್ನೊಂದು ಕಾರಣ ಅವನ ಹಳೆಯ ಕೆಲಸದಲ್ಲಿತ್ತು. ಅವನು ಐಟಿಐ ಮುಗಿಸಿ ಬೆಂಗಳೂರಿನ ಪೀಣ್ಯದಲ್ಲಿ ಆರು ವರ್ಷ ಪವರ್ ಪ್ರೆಸ್ಸಿನ ಮುಂದೆ ನಿಂತಿದ್ದ. ತಗಡಿಡು, ಕಾಲು ಒತ್ತು, ಧಡ್, ತೆಗೆ. ತಗಡಿಡು, ಕಾಲು ಒತ್ತು, ಧಡ್, ತೆಗೆ. ಪಕ್ಕದ ಮಿಷನ್ನಿನಲ್ಲಿದ್ದ ಗೆಳೆಯ ಒಂದು ಸಲ ತೆಗೆಯುವುದು ಕಣ್ಣೆವೆಯಷ್ಟು ತಡವಾಯಿತು. ಎರಡು ಬೆರಳ ತುದಿ ಹೋಯಿತು. ಆ ಗೆಳೆಯನ ಫೋನಿನಲ್ಲೇ ಅವನು ಈ ಹಾಡನ್ನು ಮೊದಲು ಕೇಳಿದ್ದು, ರೂಮಿನ ತಾರಸಿಯ ಮೇಲೆ, ರಾತ್ರಿ ಪಾಳಿ ಮುಗಿದ ಬೆಳಗಿನ ಜಾವ. ‘ಹಗಲೆಲ್ಲ ಆ ಸದ್ದು ನಮ್ಮನ್ನ ಹೊಡೀತಿತ್ತು ಮಾವ. ಇದ್ರಲ್ಲಿ ಅದೇ ಸದ್ದನ್ನ ಯಾರೋ ಹಿಡ್ಕೊಂಡು ಕುಣಿಸ್ತಿದ್ರು’ ಎಂದ.

ಅವನು ಗೊತ್ತಿಲ್ಲದೆಯೇ ಈ ಸಂಗೀತದ ಹುಟ್ಟೂರಿನ ದಾರಿ ತೋರಿಸಿದ್ದ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಎಂಬ ಕಾರ್ಖಾನೆಗಳ ಊರಿನಲ್ಲಿ ಟೋನಿ ಅಯೋಮಿ ಎಂಬ ಹದಿನೇಳರ ಹುಡುಗ ತಗಡಿನ ಕೆಲಸದ ಕಾರ್ಖಾನೆಯಲ್ಲಿದ್ದ. ಕೆಲಸ ಬಿಡುವ ಕೊನೆಯ ದಿನವೇ ಯಂತ್ರ ಅವನ ಬಲಗೈಯ ಎರಡು ಬೆರಳ ತುದಿಯನ್ನು ಕತ್ತರಿಸಿತು. ಎಡಚನಾದ್ದರಿಂದ ಗಿಟಾರಿನ ತಂತಿ ಒತ್ತಬೇಕಾದ ಬೆರಳುಗಳೇ ಅವು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ಅದಕ್ಕೆ ತೊಗಲು ಅಂಟಿಸಿದ. ತೆಳ್ಳನೆಯ ತಂತಿ ಹಾಕಿದ, ಮುಂದೆ ಒತ್ತಲು ಸುಲಭವಾಗಲೆಂದು ತಂತಿಗಳನ್ನು ಸಡಿಲಿಸಿ ಶ್ರುತಿ ಇಳಿಸಿದ. 1970ರಲ್ಲಿ ಅವನ ‘ಬ್ಲ್ಯಾಕ್ ಸಬ್ಬತ್’ ತಂಡದ ಮೊದಲ ಆಲ್ಬಮ್ ಬಂದಾಗ ಜನ ಕೇಳಿದ ಆ ಭಾರದ ಗಿಟಾರಿನ ಹಿಂದೆ ಒಂದು ಗಾಯವಿತ್ತು. ಹೆವಿ ಮೆಟಲ್ ಅಲ್ಲಿಂದ ಬೆಳೆಯಿತು. ಇತ್ತ 1976ರಲ್ಲಿ ಇಂಗ್ಲೆಂಡಿನ ‘ಥ್ರಾಬಿಂಗ್ ಗ್ರಿಸಲ್’ ತಂಡದವರು ತಮ್ಮ ಕಂಪನಿಗೆ ಇಂಡಸ್ಟ್ರಿಯಲ್ ರೆಕಾರ್ಡ್ಸ್ ಎಂದು ಹೆಸರಿಟ್ಟು ಯಂತ್ರದ ಗದ್ದಲವನ್ನೇ ಸಂಗೀತವೆಂದರು. 1980ರಲ್ಲಿ ಪಶ್ಚಿಮ ಬರ್ಲಿನ್ನಿನ ಒಂದು ತಂಡ ಗುಜರಿ ಕಬ್ಬಿಣ, ಡ್ರಿಲ್ಲಿಂಗ್ ಮಿಷನ್ನು, ತಗಡುಗಳನ್ನು ವಾದ್ಯ ಮಾಡಿಕೊಂಡಿತು. ಈ ಎರಡು ಹೊಳೆ ಸೇರಿದ ಕಡೆ ಇಂಡಸ್ಟ್ರಿಯಲ್ ಮೆಟಲ್. ದುಡಿಯುವ ಊರುಗಳ ಸದ್ದು ಅದು. ಗದ್ದಲವೆಂದು ತಳ್ಳಿಹಾಕುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಕಂಚಿನ ಕಂಸಾಳೆ ಬೀಸುವ ದೇವರಗುಡ್ಡರ ನಾಡಿನವರು ನಾವು, ಲೋಹಕ್ಕೆ ಲೋಹ ತಾಗಿ ಏಳುವ ದನಿಯಲ್ಲಿ ಭಕ್ತಿಯನ್ನೇ ಕೇಳಿದವರು.

ಬೆಂಗಳೂರು ಈ ಸಂಗೀತಕ್ಕೆ ಮೊದಲಿಂದಲೂ ಬಾಗಿಲು ತೆರೆದ ಊರು. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿತು. 2011ರ ಅಕ್ಟೋಬರ್ 30ರಂದು ಅದೇ ಮೈದಾನಕ್ಕೆ ಮೆಟಾಲಿಕಾ ಬಂದಾಗ ಅಳಿಯ ಆಗಷ್ಟೇ ಕೆಲಸಕ್ಕೆ ಸೇರಿದ್ದ, ಟಿಕೆಟ್ಟಿಗೆ ದುಡ್ಡಿರಲಿಲ್ಲ. ಮೇಖ್ರಿ ವೃತ್ತದ ಕಡೆಯಿಂದ ನಡೆದು ಹೋಗಿ ಗೋಡೆಯಾಚೆ ನಿಂತು ಕೇಳಿದನಂತೆ. ಗೋಡೆಗೆ ಅಂಗೈ ಒತ್ತಿದರೆ ಡ್ರಮ್ಮಿನ ಪೆಟ್ಟು ಕಲ್ಲಿನಲ್ಲಿ ಸಿಕ್ಕುತ್ತಿತ್ತು ಎಂದ. ಹೇಳುತ್ತ ಅವನ ಅಂಗೈ ತಾನಾಗಿ ಬ್ಯಾರನ್ನಿನ ಬೆಚ್ಚನೆಯ ಗೋಡೆಯ ಮೇಲೆ ಹೋಗಿ ಕೂತಿತು.

ಅವನು ಪೀಣ್ಯ ಬಿಟ್ಟು ಬಂದು ಆಗ ನಾಲ್ಕು ವರ್ಷವಾಗಿತ್ತು. ಭಾವ ತೀರಿಕೊಂಡ ಮೇಲೆ ಅಕ್ಕನೊಬ್ಬಳಿಂದ ಬ್ಯಾರನ್ ನಡೆಯುತ್ತಿರಲಿಲ್ಲ. ಈ ಎಲೆ ಎದೆ ಸುಡುವ ಎಲೆಯೆಂದು ಅವನಿಗೂ ಗೊತ್ತು, ಭಾವನ ಕೆಮ್ಮನ್ನು ಕೇಳಿ ಬೆಳೆದವನು. ಬೇರೆ ಬೆಳೆ ಹಾಕಿ ನೋಡಿದ, ಕೈಗೆ ಹತ್ತಲಿಲ್ಲ. ಮಳೆ ನೆಚ್ಚಿದ ಈ ಕೆಂಪು ನೆಲದಲ್ಲಿ ಸೊಪ್ಪಿಗೆ ಕಂಪಲಾಪುರದಲ್ಲೋ ಕಗ್ಗುಂಡಿಯಲ್ಲೋ ಹರಾಜು ಕಟ್ಟೆ ಇದೆ, 1984ರಿಂದ ಕರ್ನಾಟಕದಲ್ಲಿ ಹರಾಜು ನಡೆದುಕೊಂಡು ಬಂದಿದೆ. ರಾಗಿಗೆ, ಜೋಳಕ್ಕೆ ಅಂಥ ಕಟ್ಟೆ ಇಲ್ಲ. ಇದನ್ನು ಹೇಳುವಾಗ ಅವನು ಹಾಡನ್ನು ನಿಲ್ಲಿಸಿದ್ದ.

ನಸುಕಿನ ಹೊತ್ತಿಗೆ ಮಳೆ ನಿಂತು, ಸೂರಿನ ತಗಡಿನಿಂದ ಹನಿ ಬೀಳುವುದು ಮಾತ್ರ ಉಳಿದಿತ್ತು. ಅಕ್ಕ ಸ್ಟೀಲಿನ ಕ್ಯಾನಿನಲ್ಲಿ ಟೀ ತಂದಳು. ಸೊಪ್ಪಿನ ಅಂಟು ಹತ್ತಿ ಕಪ್ಪಾದ ಅವಳ ಬೆರಳುಗಳು ಈ ಮೂರು ತಿಂಗಳು ಯಾವ ಸೋಪಿಗೂ ಬಿಳುಪಾಗುವುದಿಲ್ಲ. ‘ರಾತ್ರಿಯೆಲ್ಲ ಏನ್ರೋ ಅದು ತಗಡು ಕುಟ್ತಿದ್ರಿ?’ ಎಂದಳು. ತಮಟೆಯ ಅಣ್ಣ ನಕ್ಕು ಕೋಲುಗಳನ್ನು ಒಲೆಗೆ ಹಾಕಲು ಹೋದವನು, ಏನೆನ್ನಿಸಿತೋ, ದಪ್ಪ ಕೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

ಉಷ್ಣಮಾಪಕ 160 ಮುಟ್ಟಿ ಬಹಳ ಹೊತ್ತಾಗಿತ್ತು. ಅಳಿಯ ಕೆಳಗಿನ ಪುಟ್ಟ ಬಾಗಿಲು ತೆರೆದ. ಒಳಗಿನ ಒಣ ಬಿಸಿ ಮುಖಕ್ಕೆ ರಾಚಿತು, ಕಣ್ಣೀರು ಬಂತು. ಬಗ್ಗಿ ಒಳಗೆ ಕೈ ಚಾಚಿ, ದಂಟು ಒಣಗಲು ತಡವಾಗುವ ಮೂಲೆಯ ಕಡ್ಡಿಯಿಂದ ಒಂದು ಎಲೆ ಕಿತ್ತು ತಂದ. ನಿಂಬೆಯ ಬಣ್ಣಕ್ಕೆ ತಿರುಗಿದ, ಅಂಚಲ್ಲಿ ತುಸು ಕಿತ್ತಳೆಯಾದ ಎಲೆ. ಅಣ್ಣ ‘ಸುಮ್ಕಿರಿ’ ಎಂದು ಕೈ ಎತ್ತಿದ. ಅಕ್ಕ ಲೋಟಕ್ಕೆ ಟೀ ಸುರಿಯುವುದನ್ನು ನಿಲ್ಲಿಸಿದಳು. ಅಳಿಯ ಎಲೆಯ ದಂಟನ್ನು ಕಿವಿಯ ಹತ್ತಿರ ಹಿಡಿದು ಎರಡು ಹೆಬ್ಬೆರಳಿಂದ ಬಾಗಿಸಿದ.

ಪಟ್ ಎಂದಿತು.